ಬೆಣ್ಣೆ ಕೈ

ಊಟಿಗೆ ಹೋದ ಬೆಂಗಳೂರಿನವರು ನೀಲಗಿರಿ ಎಣ್ಣೆ ತಾರದೆ ವಾಪಸು ಬರುವುದಿಲ್ಲ. ನಮ್ಮ ಎದುರು ಮನೆಯವರೂ ಮೊನ್ನೆ ತಂದರು. ಬೇಕಾದವರಿಗೆಲ್ಲ ಒಂದೊಂದು ಪುಟ್ಟ ಬಾಟಲಿ ಹಂಚಿ, ನನಗೆ ಮಾತ್ರ ದೊಡ್ಡದನ್ನೇ ಕೊಟ್ಟರು. ನನ್ನ ಬಲಗೈ ಮಣಿಕಟ್ಟು ಕೆಲವು ದಿನಗಳಿಂದ ನೋಯುತ್ತಿರುವುದು ಅವರಿಗೆ ಗೊತ್ತು. ಪಾಪ, ಒಳ್ಳೆಯ ಮನಸ್ಸಿನವರು. ಅವರು ಮೆಟ್ಟಿಲಿಳಿದು ಹೋದ ಮೇಲೆ ಮುಚ್ಚಳ ತಿರುಗಿಸಿದೆ, ಅಷ್ಟೇ. ತಕ್ಷಣ ಮತ್ತೆ ಮುಚ್ಚಿ ಬಾಟಲಿಯನ್ನು ದೂರ ಸರಿಸಿದೆ. ನೆಗಡಿಯಾದಾಗ ಜನ ಕರವಸ್ತ್ರಕ್ಕೆ ಹಾಕಿಕೊಂಡು ಮೂಸಿ ಮೂಸಿ ಸುಖಪಡುವ ವಾಸನೆ ಅದು. ನನಗೆ ಮಾತ್ರ ಇವತ್ತಿಗೂ ವಾಕರಿಕೆ ಬರುತ್ತದೆ. ಅದರ ಹಿಂದೆಯೇ ಮಲ್ಲೇಶ್ವರದ ಒಂದು ಪ್ರೈಮರಿ ಶಾಲೆ, ಮಹಡಿಯ ಮೇಲಿನ ಡ್ರಾಯಿಂಗ್ ರೂಮು, ಅಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಡ್ರಾಯಿಂಗ್ ಮಿಸ್...

ಇಡೀ ಶಾಲೆ ಅವರನ್ನು ಹಾಗೇ ಕರೆಯುತ್ತಿತ್ತು. ಹೆಡ್ ಮಿಸ್ ಕೂಡ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಗಂಜಿ ಹಾಕಿದ ಹತ್ತಿ ಸೀರೆ, ನೆರಿಗೆಗೆ ಒಂದು ಪಿನ್ನು, ಸೊಂಟದಲ್ಲಿ ಮಡಿಸಿ ಸಿಕ್ಕಿಸಿದ ಬಿಳೀ ಕರವಸ್ತ್ರ, ತುರುಬಿಗೆ ಬೆರಳುದ್ದ ಕನಕಾಂಬರ. ಬಣ್ಣಗಳ ನಡುವೆ ದಿನವಿಡೀ ಕೆಲಸ ಮಾಡಿದರೂ ಸೀರೆಯ ಮೇಲೆ ಒಂದು ಚುಕ್ಕೆ ಬಿದ್ದದ್ದನ್ನು ಯಾರೂ ಕಂಡವರಿಲ್ಲ. ಜನ ಅದನ್ನು ಹೊಗಳುತ್ತಿದ್ದರು. ಚಿತ್ರ ಕಲಿಸುವವರ ಮೈಮೇಲೆ ಬಣ್ಣ ಬೀಳುವುದೇ ಇಲ್ಲ ಎಂದರೆ ಅಲ್ಲಿ ಏನೋ ಎಡವಟ್ಟಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಇಷ್ಟು ವರ್ಷವಾದರೂ ಅವರನ್ನು ಏಕವಚನದಲ್ಲಿ ಬೈಯಲು ನನಗೆ ಬಾಯಿ ಬರುವುದಿಲ್ಲ. ಬೆಳೆದ ರೀತಿ ಹಾಗೆ. ಅದೊಂದು ಸಿಟ್ಟು ಬೇರೆ.

ತೊಂಬತ್ತರ ದಶಕದ ಕೊನೆಯ ಮಾತು. ಚಿತ್ರಕಲೆಯ ಡಿಪ್ಲೊಮಾ ಮುಗಿಸಿ, ಏನು ಮಾಡಲೂ ತೋಚದೆ ಚಾಮರಾಜಪೇಟೆಯ ಮನೆಯಲ್ಲಿ ಕೂತಿದ್ದೆ. ನಮ್ಮಪ್ಪ ಕಚೇರಿಯಲ್ಲಿ ಗುಮಾಸ್ತರು. ಅವರ ಗೆಳೆಯರೊಬ್ಬರ ಮಾತಿನಿಂದ ಆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಡ್ರಾಯಿಂಗ್ ಮಿಸ್‌ಗೆ ವಯಸ್ಸಾಗುತ್ತಿದೆ, ಕೈನೋವು ಬೇರೆ, ಅವರ ಜೊತೆಗಿದ್ದು ಕಲಿತುಕೋ, ಅವರು ರಿಟೈರ್ ಆದ ಮೇಲೆ ಆ ಜಾಗ ನಿನ್ನದೇ ಎಂದರು ಹೆಡ್ ಮಿಸ್. ಮೊದಲ ದಿನ ಮಹಡಿ ಹತ್ತಿ ಡ್ರಾಯಿಂಗ್ ರೂಮಿಗೆ ಕಾಲಿಟ್ಟಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಗೋಡೆಯ ತುಂಬ ನವಿಲು. ಕತ್ತು ಒಂದೇ ಬಾಗು, ಗರಿಯ ಕಣ್ಣುಗಳು ಒಂದೇ ಅಳತೆ, ಕಾಲುಗಳೂ ಒಂದೇ ಕೋನ. ಒಂದೊಂದರ ಕೆಳಗೆ ಒಂದೊಂದು ಮಗುವಿನ ಹೆಸರು, ಒಂದನೇ ತರಗತಿ ಎಂಬ ಬರಹ. ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಕ್ಕಳು ಬರೆದವಂತೆ ಅವು! ನಾನು ಡಿಪ್ಲೊಮಾದ ಎರಡನೇ ವರ್ಷದಲ್ಲೂ ಅಷ್ಟು ನಯವಾದ ಗೆರೆ ಎಳೆದಿರಲಿಲ್ಲ.

ಗುಟ್ಟು ಏನೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲ ಪಿರಿಯಡ್ಡಿಗೆ ಒಂದನೇ ಕ್ಲಾಸಿನ ಮಕ್ಕಳು ಸಾಲಾಗಿ ಬಂದರು. ಬಾಗಿಲ ಪಕ್ಕದ ನಲ್ಲಿಯ ಮೇಲೆ, ಗೋಡೆಯಲ್ಲಿ, ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಅದರ ಕೆಳಗೇ ನಿಂತು ಮಕ್ಕಳೆಲ್ಲ ಸೋಪು ಹಾಕಿ ಕೈ ತೊಳೆದುಕೊಳ್ಳಬೇಕಿತ್ತು. ಒರೆಸಿಕೊಂಡು, ಅಂಗೈ ಮೇಲೆ ಮಾಡಿ ತೋರಿಸಿ, ಬೆಂಚಿಗೆ ಹೋಗಿ ಕೂರಬೇಕಿತ್ತು. ಆಮೇಲೆ ಮಿಸ್ ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಂಡು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಮಗು ಬಂದು ಮೇಜಿನ ಮುಂದೆ ನಿಲ್ಲುತ್ತಿತ್ತು. ಮಿಸ್ ಅದರ ಬೆರಳುಗಳ ನಡುವೆ ಕ್ರೇಯಾನು ತುರುಕಿ, ಮೇಲಿಂದ ತಮ್ಮ ಕೈಯನ್ನು ಮುಚ್ಚಳದ ಹಾಗೆ ಮುಚ್ಚಿ ಹಿಡಿದು, ಬರೆಯಲು ಶುರು ಮಾಡುತ್ತಿದ್ದರು. ಕತ್ತು, ಹೊಟ್ಟೆ, ಗರಿ, ಗರಿಯ ಕಣ್ಣು. ಮಗು ಕಾಗದದ ಕಡೆ ನೋಡುತ್ತಲೂ ಇರಲಿಲ್ಲ. ಕಿಟಕಿಯಲ್ಲಿ ಕೂತ ಕಾಗೆಯನ್ನು ನೋಡುತ್ತಿತ್ತು, ಆಕಳಿಸುತ್ತಿತ್ತು, ಇನ್ನೊಂದು ಕೈಯಲ್ಲಿ ಮೂಗು ಒರೆಸಿಕೊಳ್ಳುತ್ತಿತ್ತು. ಅದರ ಬಲಗೈ ಅದರದಲ್ಲವೆಂಬಂತೆ ಮೇಜಿನ ಮೇಲೆ ನವಿಲು ಬರೆಯುತ್ತಿತ್ತು. ಕೊನೆಗೆ ಹೆಸರನ್ನೂ ಹಾಗೇ ಬರೆಸಿ ಮುಂದಿನವರನ್ನು ಕರೆಯುತ್ತಿದ್ದರು.

ನಾನು ಗೋಡೆಯ ನವಿಲುಗಳಿಗೆ ಬೆನ್ನು ತಿರುಗಿಸಿ ನಿಂತೆ.

ಅದಕ್ಕಿಂತ ಹೇಸಿಗೆಯಾದದ್ದು ಅವರ ಅಭ್ಯಾಸದ ಪಾಠ. ಮಕ್ಕಳ ಕೈ ಬಿಗಿಯಾಗಿದ್ದರೆ ಗೆರೆ ಕೆಡುತ್ತದಂತೆ. ಅದಕ್ಕೇ ವಾರಕ್ಕೊಮ್ಮೆ ಕೈ ಸಡಿಲ ಬಿಡುವುದನ್ನು ಕಲಿಸುತ್ತಿದ್ದರು. ಎಲ್ಲರೂ ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟು ಹಿಡಿದು ಮೇಲೆತ್ತಬೇಕು, ಬಿಟ್ಟುಬಿಡಬೇಕು, ಕೈ ಧೊಪ್ಪೆಂದು ಬೆಂಚಿನ ಮೇಲೆ ಬೀಳಬೇಕು. ಮಿಸ್ ಸಾಲಿನ ನಡುವೆ ನಡೆಯುತ್ತ, ಒದ್ದೆ ಬಟ್ಟೆ ಥರ ಇರಬೇಕು, ಒದ್ದೆ ಬಟ್ಟೆ ಥರ, ಎನ್ನುತ್ತಿದ್ದರು. ಇಡೀ ಕ್ಲಾಸು ಧೊಪ್, ಧೊಪ್ ಎಂದು ಕೈ ಬೀಳಿಸುತ್ತಿತ್ತು. ಜೀವವೇ ಇಲ್ಲದ ಹಾಗೆ ಬಿದ್ದ ಕೈಗೆ ಅವರು ಕೊಟ್ಟ ಬಿರುದು ‘ಬೆಣ್ಣೆ ಕೈ’. ಬೆಣ್ಣೆ ಕೈಯವರಿಗೆ ಮುಂದಿನ ಬೆಂಚು. ಬಿಗಿ ಕೈಯವರದು ‘ಕೊರಡು ಕೈ’, ಅವರಿಗೆ ಹಿಂದಿನ ಬೆಂಚು. ಮಕ್ಕಳು ಮನೆಗೆ ಹೋಗಿ, ಅಮ್ಮಾ ನಂದು ಬೆಣ್ಣೆ ಕೈಯಂತೆ ಎಂದು ಕುಣಿಯುತ್ತಿದ್ದವು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ಮಕ್ಕಳನ್ನು ಅವರಷ್ಟಕ್ಕೆ ಬರೆಯಲು ಬಿಡಬಾರದಾ ಎಂದು. ಮಿಸ್ ಕೋಪಿಸಿಕೊಳ್ಳಲಿಲ್ಲ. ಪುಟ್ಟ ಮಗುವಿಗೆ ಹೇಳುವ ಹಾಗೆ ಹೇಳಿದರು.

"ನೀನು ಅಕ್ಷರ ಹೇಗಮ್ಮ ಕಲಿತೆ? ನಿಮ್ಮಪ್ಪ ತೊಡೆ ಮೇಲೆ ಕೂರಿಸ್ಕೊಂಡು, ಕೈ ಹಿಡಿದು ಅಕ್ಕೀಲಿ ತಿದ್ದಿಸ್ಲಿಲ್ವಾ? ಇದೂ ಅಷ್ಟೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?"

ಅದಕ್ಕೆ ಉತ್ತರ ಬಸ್ಸಿನಲ್ಲಿ ಮನೆಗೆ ಹೋಗುವಾಗ ಹೊಳೆಯಿತು. ನಮ್ಮಪ್ಪ ಹಿತ್ತಾಳೆ ತಟ್ಟೆಯ ಅಕ್ಕಿಯಲ್ಲಿ ಒಂದು ಸಲ ತಿದ್ದಿಸಿ ಕೈ ಬಿಟ್ಟಿದ್ದರು. ಆಮೇಲೆ ನಾನೇ ಬರೆದ ಅಕ್ಷರ ಸೊಟ್ಟಗಾಗಿ, ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿ, ಮನೆಯವರೆಲ್ಲ ನಕ್ಕಿದ್ದರಂತೆ. ಈ ಮಿಸ್ ಕೈ ಬಿಡುತ್ತಲೇ ಇರಲಿಲ್ಲ. ಒಂದನೇ ಕ್ಲಾಸಿಗೆ ನವಿಲು, ಎರಡಕ್ಕೆ ಗುಲಾಬಿ, ಮೂರಕ್ಕೆ ಆನೆ, ಎಲ್ಲವೂ ಆ ಎಣ್ಣೆ ಕೈಯ ಕೆಳಗೇ. ಯಾವ ಚಿತ್ರವನ್ನು ಬೇಕಾದರೂ ಬೆಳಕಿಗೆ ಹಿಡಿದು ನೋಡಿ, ಬಲಗಡೆ ಕೆಳಗಿನ ಮೂಲೆಯಲ್ಲಿ ಅವರ ಅಂಗೈ ಊರಿದ ಜಾಗದಲ್ಲಿ ಎಣ್ಣೆಯ ಕಲೆ ಇರುತ್ತಿತ್ತು. ಕಾಗದ ಅಲ್ಲಿ ದೋಸೆ ಕಟ್ಟಿದ ಪೇಪರಿನ ಹಾಗೆ ಪಾರದರ್ಶಕವಾಗಿರುತ್ತಿತ್ತು.

ಅಪ್ಪ ಅಮ್ಮಂದಿರಿಗೆ ಇದು ತಿಳಿಯುತ್ತಿರಲಿಲ್ಲವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಬ್ಯಾಂಕಿನ ಆಫೀಸರು, ಕಾಲೇಜಿನ ಲೆಕ್ಚರರು, ಪೇಟೆಯಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡಿದವರು, ತರಕಾರಿ ಕೊಳ್ಳುವಾಗ ಒಂದು ಬದನೆಕಾಯಿಯನ್ನು ನಾಲ್ಕು ಸಲ ತಿರುಗಿಸಿ ನೋಡುವ ಜನ, ಆರು ವರ್ಷದ ಮಗು ಇಂಥ ನವಿಲು ಬರೆಯಿತು ಎಂದರೆ ನಂಬಿಬಿಡುತ್ತಿದ್ದರು. ನಂಬಿ, ಚೌಕಟ್ಟು ಹಾಕಿಸಿ, ಹಾಲ್‌ನಲ್ಲಿ ಟೀವಿಯ ಮೇಲೆ ನೇತುಹಾಕುತ್ತಿದ್ದರು. ಹೆಡ್ ಮಿಸ್ ರೂಮಿನ ಬೀರುವಿನಲ್ಲಿ ಚಿತ್ರಸ್ಪರ್ಧೆಗಳಲ್ಲಿ ಶಾಲೆಗೆ ಬಂದ ಬಹುಮಾನದ ಕಪ್‌ಗಳು ಹೊಳೆಯುತ್ತಿದ್ದವು. ಎಲ್ಲರಿಗೂ ಸಂತೋಷವಿರುವ ಕಡೆ ಅಸಹ್ಯಪಡುವವಳು ನಾನೊಬ್ಬಳೇ ಆದೆ.

ಶನಿವಾರ ಬೆಳಿಗ್ಗೆ ಮಾತ್ರ ಒಂದನೇ ಕ್ಲಾಸನ್ನು ನನಗೆ ಬಿಟ್ಟಿದ್ದರು. ಮನೆಯಿಂದ ಬೆಂಡೆಕಾಯಿ, ಆಲೂಗಡ್ಡೆ ಕತ್ತರಿಸಿಕೊಂಡು ಹೋಗಿ ಬಣ್ಣದಲ್ಲಿ ಅದ್ದಿ ಅಚ್ಚು ಒತ್ತಿಸಿದೆ. ಮೈದಾ ಅಂಟು ಕಾಯಿಸಿಕೊಂಡು ಹೋಗಿ ಎಲೆ, ಬಳೆಚೂರು, ಹಳೇ ಬಟ್ಟೆ ಅಂಟಿಸಲು ಕೊಟ್ಟೆ. ಮೊದಮೊದಲು ಮಕ್ಕಳು ಬಣ್ಣ ಮುಟ್ಟಲೇ ಹೆದರಿದವು. ಬೆರಳಿಗೆ ಒಂದು ಹನಿ ತಗುಲಿದರೆ ಎದ್ದು ನಲ್ಲಿಯ ಹತ್ತಿರ ಓಡುತ್ತಿದ್ದವು. ಖಾಲಿ ಕಾಗದ ಕೊಟ್ಟರೆ ನನ್ನ ಮುಖ ನೋಡುತ್ತ ಕೂರುತ್ತಿದ್ದವು. ಅವರ ನಡುವೆ ಒಬ್ಬಳು ಹುಡುಗಿ ಮಾತ್ರ ಕಾಗದ ಕೈಗೆ ಬಂದದ್ದೇ ತಡ, ಬಗ್ಗಿ ಕೂತು ಶುರು ಮಾಡಿಬಿಡುತ್ತಿದ್ದಳು.

ಶ್ರೀರಾಂಪುರದ ಹುಡುಗಿ. ಅವಳ ತಾಯಿ ಮಲ್ಲೇಶ್ವರದ ಎಂಟನೇ ಕ್ರಾಸಿನ ಫುಟ್‌ಪಾತಿನಲ್ಲಿ ಹೂ ಕಟ್ಟಿ ಮಾರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವಳು ಆ ಹೂವಿನ ಹಲಗೆಯ ಕೆಳಗೆ ಕೂತಿರುತ್ತಿದ್ದಳು. ಅಲ್ಲಿಂದ ಕಂಡದ್ದನ್ನೇ ಬರೆಯುತ್ತಿದ್ದಳು. ಅವಳ ಚಿತ್ರದ ಜನಕ್ಕೆಲ್ಲ ಆನೆಯಂಥ ಕಾಲು, ಚಪ್ಪಲಿಯ ಒಂದೊಂದು ಪಟ್ಟಿಯೂ ಸ್ಪಷ್ಟ, ಸೀರೆಯ ಅಂಚಿನ ಒಂದೊಂದು ಚುಕ್ಕೆಯೂ ಸ್ಪಷ್ಟ. ಮೇಲೆ ಹೋದಂತೆ ಎಲ್ಲ ಸಣ್ಣದಾಗುತ್ತ, ತಲೆ ಮೆಣಸಿನಕಾಳಿನಷ್ಟು. ಒಂದು ಶನಿವಾರ ಅವಳ ಅಮ್ಮನನ್ನು ಬರೆದಳು. ಕಾಗದದ ತುಂಬ ಎರಡು ಕೈ, ಒಂದೊಂದು ಕೈಗೂ ಎಣಿಸಲಾಗದಷ್ಟು ಬೆರಳು. ಇಷ್ಟೊಂದು ಬೆರಳು ಯಾಕೆ ಎಂದೆ. "ಅಮ್ಮ ಹೂ ಕಟ್ಟೋವಾಗ ಹಿಂಗೇ ಇರತ್ತೆ ಮಿಸ್" ಎಂದಳು. ನಾನು ಆ ವರ್ಷ ಆ ಶಾಲೆಯಲ್ಲಿ ಕಂಡ ಒಂದೇ ಒಂದು ಚಿತ್ರ ಅದು. ಉಳಿದದ್ದೆಲ್ಲ ನವಿಲು.

ಆ ಹುಡುಗಿಯ ಕೈ ಅವಳದಾಗಿಯೇ ಉಳಿಯಬೇಕು ಎಂಬುದೊಂದು ಹಟ ನನ್ನಲ್ಲಿ ಹುಟ್ಟಿತು. ನೂರಾರು ಮಕ್ಕಳ ಕೈ ಬಿಡಿಸುವ ಶಕ್ತಿ ನನಗಿರಲಿಲ್ಲ. ಇದೊಂದಾದರೂ ಉಳಿಯಲಿ ಅನಿಸಿತ್ತು.

ವರ್ಷದ ವಸ್ತುಪ್ರದರ್ಶನ ಹತ್ತಿರ ಬಂತು. ಆ ಬೆರಳುಗಳ ಚಿತ್ರವನ್ನು ಮಿಸ್‌ಗೆ ತೋರಿಸಿದೆ. ಅವರು ಕಾಗದವನ್ನು ತುದಿಬೆರಳಲ್ಲಿ ಹಿಡಿದು, ಸತ್ತ ಜಿರಳೆಯನ್ನು ಎತ್ತುವವರ ಹಾಗೆ ದೂರ ಮಾಡಿ ನೋಡಿದರು. "ಗಲೀಜು" ಎಂದರು. ಮಕ್ಕಳು ತಾವಾಗಿ ಏನು ಬರೆದರೂ ಅವರು ಹೇಳುತ್ತಿದ್ದದ್ದು ಅದೊಂದೇ ಮಾತು. ನಾನು ಹೆಡ್ ಮಿಸ್ ಹತ್ತಿರ ಹೋದೆ. ಅವರು ಒಂದಷ್ಟು ಹೊತ್ತು ನೋಡಿ, ಬಂದವರು ನಗುತ್ತಾರಲ್ಲಮ್ಮ ಎಂದರು. ನಾನು ಬಿಡಲಿಲ್ಲ. ಕೊನೆಗೆ ಪೀಡೆ ತೊಲಗಲಿ ಎಂಬಂತೆ, ಹಿಂದಿನ ಗೋಡೆಯ ಮೂಲೆಯಲ್ಲಿ ಅಂಟಿಸಿಕೋ ಎಂದು ಒಪ್ಪಿದರು. ಆದರೆ ಆ ಹುಡುಗಿಯ ನವಿಲೂ ಇರಲೇಬೇಕು, ಯಾವ ಮಗುವನ್ನೂ ಬಿಡುವ ಹಾಗಿಲ್ಲ ಎಂದರು.

ಆ ನವಿಲಿಗಾಗಿ ನಡೆದ ಜಗ್ಗಾಟವನ್ನು ನಾನು ಪಕ್ಕದ ಮೇಜಿನಿಂದ ನೋಡಿದೆ. ಹುಡುಗಿಯ ಕೈ ಸಡಿಲವಾಗಲಿಲ್ಲ. ಮಿಸ್ ಕತ್ತು ಬಾಗಿಸಲು ಹೋದರೆ ಅವಳ ಕೈ ಬೇರೆಲ್ಲೋ ಹೊರಡುತ್ತಿತ್ತು. ಅವಳು ಹಟ ಮಾಡುತ್ತಿರಲಿಲ್ಲ, ಪಾಪ. ಅವಳ ಕೈ ಇದ್ದದ್ದೇ ಹಾಗೆ. ಒಂದು ಸಲ ಜಗ್ಗಿದ ರಭಸಕ್ಕೆ ಮಿಸ್ ಮಣಿಕಟ್ಟು ಉಳುಕಿ, ಅಮ್ಮಾ ಎಂದು ಕೂಗಿ ಕೈ ಹಿಡಿದುಕೊಂಡರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ನಿನ್ನಿಂದ ಮಿಸ್‌ಗೆ ಎಷ್ಟು ನೋವಾಯ್ತು ನೋಡು ಪುಟ್ಟಿ ಎಂದು ಮೆತ್ತಗೆ ಹೇಳಿ, ಕೈ ಬೆಣ್ಣೆಯಾಗುವವರೆಗೆ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತು ಅಭ್ಯಾಸ ಮಾಡು ಎಂದರು. ಮಿಕ್ಕ ಮಕ್ಕಳು ಅವಳ ಪಕ್ಕ ಕೂರುವುದನ್ನು ಬಿಟ್ಟರು.

ಒಂದು ದಿನ ಊಟದ ಬಿಡುವಿನಲ್ಲಿ ಹೊಂಗೆ ಮರದ ಕೆಳಗೆ ಅವಳು ಕೂತದ್ದನ್ನು ಕಂಡೆ. ಡಬ್ಬಿ ಪಕ್ಕದಲ್ಲಿ ಹಾಗೇ ಇತ್ತು. ಎಡಗೈಯಿಂದ ಬಲಗೈ ಎತ್ತಿ ಎತ್ತಿ ತೊಡೆಯ ಮೇಲೆ ಬೀಳಿಸಿಕೊಳ್ಳುತ್ತಿದ್ದಳು. ಧೊಪ್. ಮತ್ತೆ ಎತ್ತಿ, ಧೊಪ್. ಹಾಗೆಲ್ಲ ಮಾಡಬೇಡ ಕಣೇ ಎಂದೆ. ಅವಳು ಗಾಬರಿಯಿಂದ ಮಹಡಿಯ ಕಿಟಕಿಯ ಕಡೆ ನೋಡಿದಳು. ನಾನು ಅವಳಿಗೆ ಬರೀ ಶನಿವಾರದ ಮಿಸ್. ಅವಳ ವಾರಕ್ಕೆ ಇನ್ನೂ ಐದು ದಿನಗಳಿದ್ದವು.

ಪ್ರದರ್ಶನದ ಹಿಂದಿನ ದಿನ ಡ್ರಾಯಿಂಗ್ ಮಿಸ್ ಸ್ಟಾಫ್ ರೂಮಿಗೆ ನಗುತ್ತ ಬಂದರು. ಹೂವಿನವರ ಹುಡುಗಿಯ ಕೈಯೂ ಬೆಣ್ಣೆಯಾಯಿತು, ಎಂಥ ನವಿಲು ಬಂದಿದೆ ನೋಡಿ ಎಂದು ಎಲ್ಲರಿಗೂ ತೋರಿಸಿದರು. ನಾನು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದೆ. ಸಂಜೆ ಎಲ್ಲರೂ ಹೊರಟ ಮೇಲೆ ಮೂಲೆಯ ಗೋಡೆಗೆ ಆ ಬೆರಳುಗಳ ಚಿತ್ರ ಅಂಟಿಸಿ, ಮೂಲೆಗಳನ್ನು ಎರಡೆರಡು ಸಲ ಒತ್ತಿ ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಮೂಲೆ ಖಾಲಿ. ಹುಡುಕಿದಾಗ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಮುದುರಿ, ಎಣ್ಣೆ ಕುಡಿದು, ಹಿಂದಿನದು ಮುಂದಕ್ಕೆ ಕಾಣುವಷ್ಟು ತೆಳ್ಳಗಾಗಿತ್ತು. ಬೆರಳುಗಳೆಲ್ಲ ಒಂದರೊಳಗೊಂದು ಸೇರಿ ಕಂದು ಬಣ್ಣದ ರಾಡಿಯಾಗಿದ್ದವು. ಬಿಡಿಸಲು ಹೋದರೆ ಹರಿಯಿತು. ಅದರ ನೀಲಗಿರಿ ವಾಸನೆ ಮುಖಕ್ಕೆ ಹೊಡೆಯಿತು. ಮಿಸ್‌ರನ್ನು ಕೇಳಿದೆ.

"ಅಯ್ಯೋ, ಅದಾ? ಎಣ್ಣೆ ಕೈ ಒರೆಸ್ಕೊಳ್ಳೋಕೆ ಏನೂ ಸಿಗ್ಲಿಲ್ಲ ಕಣಮ್ಮ. ಯಾಕೆ, ಬೇಕಾಗಿತ್ತಾ?"

ಸೊಂಟದ ಬಿಳೀ ಕರವಸ್ತ್ರಕ್ಕೆ ಕಲೆಯಾಗಬಾರದಲ್ಲ. ಅವರು ನಾಟಕವಾಡುತ್ತಿರಲಿಲ್ಲ. ಬೇಕೆಂದೇ ಹರಿದಿದ್ದರೆ ಜಗಳವಾಡಬಹುದಿತ್ತು. ಗೋಡೆಗೆ ಅಂಟಿಸಿದ್ದ ಒಂದು ಮಗುವಿನ ಚಿತ್ರ ಅವರ ಕಣ್ಣಿಗೆ ನಿಜವಾಗಿಯೂ ಕೈ ಒರೆಸುವ ಕಾಗದವಾಗಿ ಕಂಡಿತ್ತು. ಇದಕ್ಕಿಂತ ಅಸಹ್ಯವಾದದ್ದನ್ನು ನಾನು ಯಾವ ಶಾಲೆಯಲ್ಲೂ ಕಂಡಿಲ್ಲ.

ಮಧ್ಯಾಹ್ನ ಹುಡುಗಿಯ ತಾಯಿ ಮಾರ್ಕೆಟ್ಟಿನಿಂದ ನೇರ ಬಂದರು. ಸೆರಗೆಲ್ಲ ಹೂವಿನ ಬುಟ್ಟಿಯ ನೀರು. ಮಗಳ ನವಿಲಿಗೆ ಮೊದಲ ಬಹುಮಾನ ಬಂದಿತ್ತು. ಅದರ ಮುಂದೆ ನಿಂತು ಕಣ್ಣೊರೆಸಿಕೊಂಡರು. ಡ್ರಾಯಿಂಗ್ ಮಿಸ್‌ಗೆ ಒಂದು ಮೊಳ ಮಲ್ಲಿಗೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ ನನಗೂ ಒಂದು ಮೊಳ ಕೊಟ್ಟರು.

"ಮೊದ್ಲು ಬರೀ ಕಾಲು ಕೈ ಅಂತ ಏನೇನೋ ಗೀಚ್ತಿದ್ಲು ಮಿಸ್. ಈಗ ನೋಡಿ. ನಿಮ್ಮಿಬ್ರಿಂದ ಮಗು ಒಂದು ದಾರಿಗೆ ಬಂತು."

ಆ ಮಲ್ಲಿಗೆಯನ್ನು ಮುಡಿಯಲೂ ಆಗದೆ, ಎಸೆಯಲೂ ಆಗದೆ ಸಂಜೆಯವರೆಗೆ ಕೈಯಲ್ಲೇ ಹಿಡಿದುಕೊಂಡಿದ್ದೆ. ಅವರ ಕಣ್ಣೀರು ನಿಜವಾದದ್ದು, ಅವರ ಹೂವೂ ನಿಜವಾದದ್ದು. ಅದಕ್ಕೆಲ್ಲ ಕಾರಣವಾದ ನವಿಲು ಮಾತ್ರ ಸುಳ್ಳು ಎಂದು ಅವರಿಗೆ ಹೇಳುವ ಕಲ್ಲೆದೆ ನನಗಿರಲಿಲ್ಲ.

ಮುಂದಿನ ಶನಿವಾರ ಎಂದಿನಂತೆ ಕಾಗದ ಹಂಚಿದೆ. ಆ ಹುಡುಗಿ ಈಗ ಮುಂದಿನ ಬೆಂಚಿನಲ್ಲಿದ್ದಳು. ಕಾಗದವನ್ನು ನೆಟ್ಟಗೆ ಇಟ್ಟುಕೊಂಡಳು, ಕ್ರೇಯಾನನ್ನು ಬೆರಳುಗಳ ನಡುವೆ ಸಿಕ್ಕಿಸಿಕೊಂಡಳು, ಆಮೇಲೆ ಬಲಗೈಯನ್ನು ನನ್ನ ಕಡೆ ಚಾಚಿ ಸುಮ್ಮನೆ ಕಾಯುತ್ತ ಕೂತಳು. ನಿನಗೆ ಏನು ಬೇಕೋ ಬರಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಕೈಯನ್ನು ಇನ್ನಷ್ಟು ಮುಂದೆ ಚಾಚಿದಳು. ನಾನು ಆ ಕೈಯನ್ನು ಮುಟ್ಟಿದೆ, ತೂಕವೇ ಇರಲಿಲ್ಲ. ಅವಳು ಹೆಮ್ಮೆಯಿಂದ ನನ್ನ ಮುಖ ನೋಡುತ್ತಿದ್ದಳು. ಬೆಣ್ಣೆ ಕೈ ಅಲ್ಲವೇ ಮಿಸ್, ಎಂದು ಕೇಳುವ ನೋಟ ಅದು. ನಾನು ಹೊರಗೆ ಹೋಗಿ ಆ ಗಾದೆಯ ಕೆಳಗಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ವರ್ಷದ ಕೊನೆಗೆ ಕೆಲಸ ಬಿಟ್ಟೆ. ಬಸವನಗುಡಿಯ ಶಾಲೆಯೊಂದರಲ್ಲಿ ಜಾಗ ಸಿಕ್ಕಿತು, ಇವತ್ತಿಗೂ ಅಲ್ಲೇ ಇದ್ದೇನೆ. ಡ್ರಾಯಿಂಗ್ ಮಿಸ್ ಶಾಲು, ಹಾರ, ಫಲತಾಂಬೂಲಗಳೊಂದಿಗೆ ರಿಟೈರ್ ಆದರು ಎಂದು ಕೇಳಿದೆ.

ಎಷ್ಟೋ ವರ್ಷಗಳ ಮೇಲೆ, ಒಂದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಹೂವಿಗೆಂದು ಎಂಟನೇ ಕ್ರಾಸಿಗೆ ಹೋಗಿದ್ದೆ. ಜನಜಂಗುಳಿಯಲ್ಲಿ ಯಾರೋ ಮಿಸ್ ಎಂದು ಕೂಗಿದರು. ಅದೇ ಹುಡುಗಿ. ಕಾಲೇಜು ಸೇರುವ ವಯಸ್ಸು, ಅಮ್ಮನ ಬಾಯಿ, ಅಮ್ಮನ ಕಣ್ಣು. ಫುಟ್‌ಪಾತಿನ ಹಲಗೆಯ ಬದಲು ಈಗ ಅವರದೊಂದು ಪುಟ್ಟ ಪೆಟ್ಟಿಗೆ ಅಂಗಡಿಯಿತ್ತು. ಒಳಗೆ ದೇವರ ಪಟಗಳ ಸಾಲಿನಲ್ಲಿ ಕೊನೆಗೆ ಆ ನವಿಲು, ಚೌಕಟ್ಟಿನೊಳಗೆ. ದೇವರಿಗೆ ಮುಡಿಸಿದ ಹಾಗೇ ಅದಕ್ಕೂ ಒಂದು ತುಂಡು ಸೇವಂತಿಗೆ. ಮೂಲೆಯ ಎಣ್ಣೆ ಕಲೆ ಹಳದಿಗಟ್ಟಿ, ಹಬ್ಬಿ, ನವಿಲಿನ ಕಾಲನ್ನು ಅರ್ಧ ನುಂಗಿತ್ತು. ಹುಡುಗಿ ನನ್ನ ಜೊತೆ ಮಾತಾಡುತ್ತಲೇ ಹೂ ಕಟ್ಟುತ್ತಿದ್ದಳು. ಬೆರಳುಗಳು ಎಣಿಸಲಾಗದಷ್ಟು ಚುರುಕು. ನನಗೆ ಆ ಹಳೆಯ ಚಿತ್ರ ಕಣ್ಣಮುಂದೆ ಬಂತು. ಈಗಲೂ ಚಿತ್ರ ಬರೀತೀಯೇನೇ ಎಂದು ಕೇಳಿದೆ.

"ಎಲ್ಲಿ ಮಿಸ್... ಬರೆಸೋರು ಯಾರಿದಾರೆ?"

ದುಃಖವೇನೂ ಇರಲಿಲ್ಲ ಆ ಮಾತಿನಲ್ಲಿ. ನಗುತ್ತಲೇ ಹೇಳಿ, ಮೊಳ ಅಳೆದು, ದಾರ ಕತ್ತರಿಸಿ ಕೊಟ್ಟಳು.

ಹೂವು ಹಿಡಿದುಕೊಂಡು ಮನೆಗೆ ಹೋಗಬೇಕಿದ್ದವಳು ವೈಯಾಲಿಕಾವಲ್ ಕಡೆ ನಡೆದೆ. ಡ್ರಾಯಿಂಗ್ ಮಿಸ್ ಮನೆ ಅಲ್ಲಿತ್ತು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ಇವತ್ತು ಮುಖಕ್ಕೆ ಹೊಡೆದ ಹಾಗೆ ಹೇಳಿಬರಬೇಕು ಎಂದುಕೊಂಡೇ ಹೋದೆ. ಏನೇನು ಹೇಳಬೇಕು ಎಂಬುದನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ತಂಗಿ ಬಾಗಿಲು ತೆಗೆದರು. ಅಕ್ಕನಿಗೆ ಲಕ್ವ ಹೊಡೆದು ಆರೇಳು ತಿಂಗಳಾಯಿತು, ಈಗ ಸ್ವಲ್ಪ ವಾಸಿ, ಬಲಗಡೆ ಮಾತ್ರ ಸರಿಯಾಗಿ ಏಳುವುದಿಲ್ಲ ಎಂದರು.

ಮಿಸ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಕೋಣೆಯ ತುಂಬ ಅದೇ ಎಣ್ಣೆಯ ವಾಸನೆ, ತಂಗಿ ದಿನಾ ತಿಕ್ಕುತ್ತಿದ್ದರಂತೆ. ಸೀರೆ ಆಗಲೂ ಶುಭ್ರವಾಗಿತ್ತು. ನನ್ನನ್ನು ಕಂಡು ಅವರ ಮುಖ ಅರ್ಧ ನಕ್ಕಿತು. ಮುಂದೆ ಒಂದು ಹಲಗೆ, ಅದರ ಮೇಲೆ ಕಾಗದ, ಪೆನ್ಸಿಲ್ಲು. ಬೆರಳುಗಳಿಗೆ ಕೆಲಸ ಕೊಡಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಕಾಗದ ಖಾಲಿಯಿತ್ತು. ಅದು ಎಷ್ಟೋ ದಿನಗಳಿಂದ ಹಾಗೇ ಇದೆ ಎಂದರು ತಂಗಿ. ಮಿಸ್ ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಹಲಗೆಯ ಮೇಲೆ ಇಟ್ಟರು. ಅದು ಬಿದ್ದ ಸದ್ದು ನನಗೆ ಗೊತ್ತಿದ್ದ ಸದ್ದು. ಬೆರಳುಗಳ ನಡುವೆ ಪೆನ್ಸಿಲ್ಲು ಸಿಕ್ಕಿಸಿಕೊಂಡು, ಆ ಕೈಯನ್ನು ನನ್ನ ಕಡೆ ದೂಡಿದರು.

"ಹಿಡ್ಕೋಮ್ಮ... ಬರೆಸು."

ಆ ಕೈಯನ್ನು ಮುಟ್ಟಲು ನನ್ನಿಂದಾಗಲಿಲ್ಲ. ಕನಿಕರದಿಂದಲ್ಲ, ಹೇಸಿಗೆಯಿಂದ. ನನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನೀವೇ ಬರೀರಿ ಮಿಸ್" ಎಂದೆ. ನನ್ನ ದನಿ ಅಷ್ಟು ತಣ್ಣಗಿದ್ದದ್ದನ್ನು ನಾನೇ ಅವತ್ತು ಮೊದಲ ಸಲ ಕೇಳಿದ್ದು. ಅವರು ಬಹಳ ಹೊತ್ತು ಕಾದರು. ನಾನು ಅಲುಗಲಿಲ್ಲ. ಕೊನೆಗೆ ಪೆನ್ಸಿಲ್ಲು ಮೆಲ್ಲಗೆ ಹೊರಟಿತು. ನವಿಲಿನ ಕತ್ತಾಗಬೇಕಿದ್ದ ಗೆರೆ ಅರ್ಧಕ್ಕೆ ನಡುಗಿ, ಹಿಂದಕ್ಕೆ ಬಂದು, ತಡವರಿಸಿ, ಬೇರೆ ಕಡೆಗೆ ತಿರುಗಿ, ಹೊಂಗೆ ಮರದ ಬೇರಿನ ಹಾಗೆ ಎಲ್ಲೆಲ್ಲೋ ಹೋಗಿ ನಿಂತಿತು. ನಾನು ಬಗ್ಗಿ ನೋಡಿದೆ. ಆರು ವರ್ಷದ ಮಗುವಿನ ಗೆರೆಯಾಗಿತ್ತು ಅದು. ನನಗೆ ಇಷ್ಟವಾಯಿತು.

ಮಿಸ್ ಅದನ್ನು ನೋಡಿದರು. ಅವರ ತುಟಿಯ ಒಂದು ಕೊನೆ ಕೆಳಗೆ ಜಾರಿತು.

"ಥೂ... ಗಲೀಜು" ಎಂದರು. ಎಡಗೈಯಿಂದ ಕಾಗದವನ್ನು ಎಳೆದು ಮುದುರಿ ಮುಷ್ಟಿಯೊಳಗೆ ಹಿಡಿದುಕೊಂಡರು. ತಂಗಿ ಕಾಫಿ ತಂದುಕೊಟ್ಟಾಗಲೂ ಆ ಮುಷ್ಟಿ ಬಿಡಲಿಲ್ಲ. ನಾನು ಎದ್ದು, ಬರ್ತೀನಿ ಮಿಸ್ ಎಂದಾಗಲೂ ಬಿಡಲಿಲ್ಲ.

ಮರುವರ್ಷ ತೀರಿಕೊಂಡರು. ಹದಿಮೂರನೆಯ ದಿನ ಹೋದೆ. ಯಾಕೆ ಹೋದೆನೋ... ಹಳೆಯ ವಿದ್ಯಾರ್ಥಿಗಳು ಬಂದಿದ್ದರು, ಮಿಸ್ ಫೋಟೋದ ಎರಡೂ ಪಕ್ಕಕ್ಕೆ ನವಿಲು, ಗುಲಾಬಿ, ಆನೆಗಳನ್ನು ಜೋಡಿಸಿದ್ದರು. ಪ್ರತಿಯೊಂದರ ಕೆಳಗೂ ಬೇರೆ ಯಾರದೋ ಹೆಸರು. ಮಿಸ್ ತಾವೇ ಬರೆದದ್ದು ಒಂದಾದರೂ ಇದೆಯೇ ಎಂದು ತಂಗಿಯನ್ನು ಕೇಳಿದೆ. ಅಕ್ಕ ಒಬ್ಬಳೇ ಕೂತು ಬರೆದದ್ದನ್ನು ತಾನು ನೋಡಿಯೇ ಇಲ್ಲ, ಚಿಕ್ಕಂದಿನಲ್ಲಿ ಅವಳಿಗೂ ಅಪ್ಪನೇ ಕೈ ಹಿಡಿದು ಬರೆಸುತ್ತಿದ್ದರು ಎಂದರು.

ಬಾಟಲಿ ಈಗ ಬಚ್ಚಲ ಕಿಟಕಿಯಲ್ಲಿದೆ. ಇವತ್ತು ಎದುರು ಮನೆಯವರು ಎಣ್ಣೆ ಹಚ್ಚಿದಿರಾ ಎಂದರು, ಹಚ್ಚಿದೆ ಎಂದು ಸುಳ್ಳು ಹೇಳಿದೆ. ನೋವು ಹಾಗೇ ಇದೆ. ನಾಳೆ ಒಂದನೇ ಕ್ಲಾಸಿನ ಮಕ್ಕಳಿದ್ದಾರೆ. ನಾನು ಅವರ ಸಾಲಿನ ನಡುವೆ ನಡೆಯುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತೇನೆ. ಮಕ್ಕಳು ನನ್ನ ಬೆನ್ನ ಹಿಂದೆ ಅದನ್ನು ಅಣಕ ಮಾಡಿ ನಗುತ್ತವೆ. ನಗಲಿ.

ಆ ವಾಸನೆಯ ಮೇಲಿನ ಅಸಹ್ಯ ಒಂದು ಚೂರೂ ಕಡಿಮೆಯಾಗಿಲ್ಲ, ಆಗುವುದೂ ಬೇಡ. ಆದರೆ ಬಾಟಲಿ ಕಣ್ಣಿಗೆ ಬಿದ್ದಾಗಲೆಲ್ಲ ಆ ಮುಷ್ಟಿಯೂ ನೆನಪಾಗುತ್ತದೆ. ಅಷ್ಟು ವರ್ಷಗಳಲ್ಲಿ ಆ ಕೈ ತಾನಾಗಿ ಎಳೆದ ಗೆರೆ ಅದೊಂದೇ. ಚೆನ್ನಾಗಿದೆ ಮಿಸ್ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಅದನ್ನು ಮುದುರಿಬಿಟ್ಟಿದ್ದರು.